ಟೈರಿನ ಮೇಲಿನ ಲೆಕ್ಕ: ಪರಿಧಿಯ ಪಾಠ ಮತ್ತು ನಾನು ಹಿಂಪಡೆದ ಒಂದು ಉತ್ತರ

ಪೀಠಿಕೆ

ಬೋಧನಾಭ್ಯಾಸದ ಎರಡನೆಯ ವಾರ ನನಗೆ ಹತ್ತನೆಯ ತರಗತಿಯ ‘ವೃತ್ತಗಳಿಗೆ ಸಂಬಂಧಿಸಿದ ವಿಸ್ತೀರ್ಣಗಳು’ ಘಟಕ ಬಂದಿತ್ತು. ಘಟಕಕ್ಕೆ ಕೈಹಾಕುವ ಮೊದಲು ವೃತ್ತದ ಪರಿಧಿಯನ್ನು ಒಂದು ಅವಧಿಯಲ್ಲಿ ಪುನರಾವರ್ತಿಸಲು ಯೋಜಿಸಿದ್ದೆ. ಶಾಲೆ ಇದ್ದದ್ದು ಕೋಲಾರ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಬಹುಪಾಲು ಮಕ್ಕಳ ಮನೆಯಲ್ಲಿ ಟೊಮೆಟೊ ಬೆಳೆ. ಕೆಲವರ ಮನೆಯಲ್ಲಿ ಅದನ್ನು ಮಂಡಿಗೆ ಸಾಗಿಸುವ ಪಿಕಪ್ ಗಾಡಿ. ಆದ್ದರಿಂದ ‘ಚಕ್ರವು ಒಂದು ಸುತ್ತು ಉರುಳಿದಾಗ ಎಷ್ಟು ದೂರ ಸಾಗುತ್ತದೆ?’ ಎಂಬ ಪ್ರಶ್ನೆಗೆ ಸೈಕಲ್ಲಿನ ಬದಲು ಪಿಕಪ್‌ನ ಚಕ್ರವನ್ನೇ ಉದಾಹರಣೆಯಾಗಿ ತೆಗೆದುಕೊಂಡೆ.

ಪಾಠ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಸಾರ್, ನಮ್ಮಣ್ಣ ಪಿಕಪ್‌ಗೆ ದೊಡ್ಡ ಡಿಸ್ಕು, ರೋಡ್ ಟೈರು ಹಾಕಿಸ್ತಾನಂತೆ. ದೊಡ್ಡ ಚಕ್ರ ಹಾಕಿದ್ರೆ ಗಾಡಿ ಜಾಸ್ತಿ ಲೋಡು ಹೊರುತ್ತಲ್ವಾ ಸಾರ್?” ಗಾಡಿಯ ವಿಷಯ ಗೊತ್ತಿಲ್ಲ ಎನ್ನಲು ನನಗೆ ಸಂಕೋಚವಾಯಿತು. “ಹೌದು, ದೊಡ್ಡ ಚಕ್ರ ಎಂದರೆ ಹೆಚ್ಚು ಬಲ. ಎತ್ತಿನ ಗಾಡಿಯ ಚಕ್ರ ನೋಡಿಲ್ಲವೇ?” ಎಂದುಬಿಟ್ಟೆ. ಹುಡುಗ ಸಮಾಧಾನದಿಂದ ಕುಳಿತ. ಗಂಟೆ ಬಾರಿಸಿತು.

ಆ ದಿನ ಪಾಠ ವೀಕ್ಷಿಸಿದ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪತ್ರದಲ್ಲಿ ಕಪ್ಪುಹಲಗೆ ಬರಹ, ಪ್ರಶ್ನೆ ಕೇಳುವ ಕೌಶಲ ಎರಡಕ್ಕೂ ಒಳ್ಳೆಯ ಅಂಕ ಕೊಟ್ಟಿದ್ದರು. ಕೆಳಗೆ ಒಂದೇ ಸಾಲು: “ಕೊನೆಯ ಉತ್ತರಕ್ಕೆ ಆಧಾರವೇನು?” ನನ್ನ ಬಳಿ ಆಧಾರವಿರಲಿಲ್ಲ. ಹುಡುಗನ ಅಣ್ಣ ಭಾನುವಾರ ಅಂಗಡಿಗೆ ಮುಂಗಡ ಕೊಡುವವನಿದ್ದ ಎಂಬುದು ಸಂಜೆ ತಿಳಿಯಿತು. ಅಂದು ಮಂಗಳವಾರ. ಆ ವಾರದ ಉಳಿದ ಮೂರು ಅವಧಿಗಳಲ್ಲಿ ನಾನು ಮಾಡಿದ ಪಾಠ, ಮಕ್ಕಳು ಮಾಡಿದ ತಪ್ಪುಗಳು ಮತ್ತು ನಾನು ತಿದ್ದಿಕೊಂಡದ್ದು ಈ ಲೇಖನದ ವಸ್ತು.

ಪೂರ್ವಸಿದ್ಧತೆ

ಸಂಜೆ ಬಸ್ ನಿಲ್ದಾಣದ ಬಳಿಯ ಪಂಚರ್ ಅಂಗಡಿಗೆ ಹೋದೆ. ಅಂಗಡಿಯವರು ಒಂದು ಹಳೆಯ ಟೈರನ್ನು ಉರುಳಿಸಿಕೊಂಡು ಬಂದು ಅದರ ಪಕ್ಕದ ಬರಹವನ್ನು ತೋರಿಸಿದರು: 215/75 ಆರ್ 15, ಅದರ ಮುಂದೆ 106. ಇದನ್ನು ಓದಲು ಬಂದರೆ ಟೈರಿನ ವಿಷಯದಲ್ಲಿ ಅರ್ಧ ತಿಳಿದಂತೆ ಎಂದರು. ಓದುವ ಕ್ರಮ ಹೀಗಿದೆ.

215 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 75 ಎಂಬುದು ಶೇಕಡಾ. ಟೈರಿನ ಪಕ್ಕದ ಗೋಡೆಯ ಎತ್ತರ ಅಗಲದ ಶೇ. 75ರಷ್ಟು. ಆರ್ ಎಂದರೆ ರೇಡಿಯಲ್ ಬಗೆಯ ಟೈರು. ಈ ಅಕ್ಷರವನ್ನು ತ್ರಿಜ್ಯ ಎಂದು ತಿಳಿಯಬಾರದು. 15 ಎಂಬುದು ಟೈರು ಕೂರುವ ಡಿಸ್ಕಿನ ವ್ಯಾಸ, ಅಂಗುಲಗಳಲ್ಲಿ. 106 ಎಂಬುದು ಭಾರ ಸೂಚ್ಯಂಕ: ಸರಿಯಾದ ಗಾಳಿಯ ಒತ್ತಡವಿದ್ದಾಗ ಒಂದು ಟೈರು ಎಷ್ಟು ಭಾರ ಹೊರಬಹುದು ಎಂಬುದರ ಸಂಕೇತ ಸಂಖ್ಯೆ. 106 ಎಂದರೆ 106 ಕೆ.ಜಿ. ಅಲ್ಲ, 950 ಕೆ.ಜಿ. ಇದಕ್ಕೊಂದು ನಿಗದಿತ ಪಟ್ಟಿ ಇದೆ. ಅದರಿಂದ ನಮಗೆ ಬೇಕಾದಷ್ಟನ್ನು ಚಾರ್ಟಿಗೆ ಇಳಿಸಿಕೊಂಡೆ:

100 – 800 ಕೆ.ಜಿ.
102 – 850 ಕೆ.ಜಿ.
104 – 900 ಕೆ.ಜಿ.
105 – 925 ಕೆ.ಜಿ.
106 – 950 ಕೆ.ಜಿ.
109 – 1030 ಕೆ.ಜಿ.

ಒಂದೇ ಸಾಲಿನಲ್ಲಿ ಮಿಲಿಮೀಟರ್, ಶೇಕಡಾ, ಅಂಗುಲ, ಸಂಕೇತ ಸಂಖ್ಯೆ ನಾಲ್ಕೂ ಇವೆ. ಏಕಮಾನ ಪರಿವರ್ತನೆ ಕಲಿಸಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇರೆ ಬೇಕಿಲ್ಲ ಎನಿಸಿತು. ನನ್ನ ಉತ್ತರ ತಪ್ಪಿರಬಹುದು ಎಂಬ ಅನುಮಾನವೂ ಅಲ್ಲೇ ಬಲವಾಯಿತು. ಚಕ್ರದ ಗಾತ್ರವೂ ಅದು ಹೊರುವ ಭಾರವೂ ಬೇರೆ ಬೇರೆ ಜಾಗದಲ್ಲಿ ಬರೆದಿರುವ ಬೇರೆ ಬೇರೆ ಸಂಖ್ಯೆಗಳು. ಒಂದನ್ನು ನೋಡಿ ಇನ್ನೊಂದನ್ನು ಹೇಳುವಂತಿಲ್ಲ.

ಮೊದಲ ಅವಧಿ: ಉತ್ತರ ಹಿಂಪಡೆದದ್ದು, ವ್ಯಾಸ ಕಂಡುಹಿಡಿದದ್ದು

ಬುಧವಾರ ತರಗತಿಗೆ ಹೋದ ಕೂಡಲೇ, “ನಿನ್ನೆ ದೊಡ್ಡ ಚಕ್ರದ ಬಗ್ಗೆ ನಾನು ಹೇಳಿದ್ದು ಗೊತ್ತಿದ್ದು ಹೇಳಿದ ಮಾತಲ್ಲ. ಅದನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಸರಿಯೋ ತಪ್ಪೋ ಈ ವಾರ ನಾವೇ ಲೆಕ್ಕ ಹಾಕಿ ನೋಡೋಣ” ಎಂದೆ. ಮಕ್ಕಳು ನಗಬಹುದೆಂದುಕೊಂಡಿದ್ದೆ, ಯಾರೂ ನಗಲಿಲ್ಲ. ಆ ಹುಡುಗ ಮಾತ್ರ, “ನಾನು ಅಣ್ಣಂಗೆ ಹೇಳ್ಬಿಟ್ಟೆ ಸಾರ್, ನಮ್ಮ ಮೇಷ್ಟ್ರು ಹಾಕಿಸ್ಬಹುದು ಅಂದ್ರು ಅಂತ” ಎಂದ. ತರಗತಿಯಲ್ಲಿ ಆಡಿದ ಮಾತು ಅದೇ ದಿನ ಮನೆಗಳಿಗೆ ತಲುಪುತ್ತದೆ ಎಂಬುದು ನನಗೆ ಆಗ ಅರಿವಾಯಿತು.

ನಂತರ 215/75 ಆರ್ 15 ಎಂದು ಹಲಗೆಯ ಮೇಲೆ ಬರೆದು, ಪ್ರತಿ ಸಂಖ್ಯೆಯ ಅರ್ಥ ಹೇಳಿ, ಚಕ್ರದ ಒಟ್ಟು ವ್ಯಾಸ ಕಂಡುಹಿಡಿಯಲು ಗುಂಪುಗಳಿಗೆ ಬಿಟ್ಟೆ. ಮೂರು ಬಗೆಯ ತಪ್ಪುಗಳು ಕಂಡವು.

ಒಂದು ಗುಂಪು ಮೂರೂ ಸಂಖ್ಯೆಗಳನ್ನು ಕೂಡಿ 305 ಎಂದಿತು. ಇನ್ನೊಂದು ಗುಂಪು 75ನ್ನು ಮಿಲಿಮೀಟರ್ ಎಂದೇ ತೆಗೆದುಕೊಂಡಿತು. ಮೂರನೆಯ ಗುಂಪು ಎಲ್ಲವನ್ನೂ ಸರಿಯಾಗಿ ಮಾಡಿ ಗೋಡೆಯ ಎತ್ತರವನ್ನು ಒಂದೇ ಸಲ ಕೂಡಿತು. ಈ ಮೂರನೆಯ ತಪ್ಪು ಹೆಚ್ಚು ಮಕ್ಕಳಲ್ಲಿತ್ತು. ಮಾತಿನಲ್ಲಿ ವಿವರಿಸುವ ಬದಲು ಚಕ್ರದ ಚಿತ್ರ ಬರೆದು, ಮೇಲಿನಿಂದ ಕೆಳಕ್ಕೆ ಒಂದು ಗೆರೆ ಎಳೆದು, “ಈ ಗೆರೆ ರಬ್ಬರನ್ನು ಎಷ್ಟು ಕಡೆ ದಾಟುತ್ತದೆ?” ಎಂದು ಕೇಳಿದೆ. “ಎರಡು ಕಡೆ” ಎಂದರು. ಆಮೇಲೆ ಲೆಕ್ಕ ತಾನಾಗಿ ಸರಿಹೋಯಿತು.

ಗೋಡೆಯ ಎತ್ತರ = 215 × 75/100 = 161.25 ಮಿ.ಮೀ.
ಡಿಸ್ಕಿನ ವ್ಯಾಸ = 15 × 25.4 = 381 ಮಿ.ಮೀ.
ಒಟ್ಟು ವ್ಯಾಸ = 381 + (2 × 161.25) = 703.5 ಮಿ.ಮೀ.
ಪರಿಧಿ = 22/7 × 703.5 = 2211 ಮಿ.ಮೀ.

703.5 ಎಂಬ ಸಂಖ್ಯೆ 7ರಿಂದ ಶೇಷವಿಲ್ಲದೆ 100.5 ಎಂದು ಭಾಗವಾದದ್ದು ನೋಡಿ ಮಕ್ಕಳಿಗೆ ಖುಷಿ. “ಸಾರ್, ಕಂಪನಿಯವ್ರು ನಮಗೋಸ್ಕರಾನೇ ಮಾಡವ್ರೆ” ಎಂದಳು ಒಬ್ಬಳು.

ಎರಡನೆಯ ಅವಧಿ: ಅಂಗಳದಲ್ಲಿ ಅಳತೆ

ಗುರುವಾರ ಮಧ್ಯಾಹ್ನ ಹುಡುಗನ ಅಣ್ಣ ಮಂಡಿಯಿಂದ ಬರುವಾಗ ಖಾಲಿ ಗಾಡಿಯನ್ನು ಶಾಲೆಯ ಬಳಿ ತಂದರು. ಮುಖ್ಯಶಿಕ್ಷಕರ ಅನುಮತಿ ಪಡೆದು ಗಾಡಿಯನ್ನು ಅಂಗಳದ ಸಮತಟ್ಟು ಜಾಗಕ್ಕೆ ತರಿಸಿದೆವು. ಮಕ್ಕಳು ಗಾಡಿಯ ಮುಂದೆಯೂ ಹಿಂದೆಯೂ ನಿಲ್ಲದೆ ಪಕ್ಕದಲ್ಲಿ ಗೆರೆಯ ಆಚೆ ನಿಲ್ಲಬೇಕು ಎಂಬುದು ಮೊದಲ ನಿಯಮ. ಹಿಂದಿನ ಟೈರಿಗೂ ಅದರ ಕೆಳಗಿನ ನೆಲಕ್ಕೂ ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ಗಾಡಿ ನಿಧಾನವಾಗಿ ಐದು ಸುತ್ತು ಉರುಳಿ ನಿಂತ ಮೇಲೆ ದೈಹಿಕ ಶಿಕ್ಷಕರ ಉದ್ದನೆಯ ಟೇಪಿನಿಂದ ಅಳೆದೆವು. ಬಂದದ್ದು 10.75 ಮೀಟರ್. ಒಂದು ಸುತ್ತಿಗೆ 2.15 ಮೀಟರ್.

ಲೆಕ್ಕದ ಪ್ರಕಾರ 2.211 ಬರಬೇಕಿತ್ತು. ಆರು ಸೆಂಟಿಮೀಟರ್ ಕಡಿಮೆ. ‘ಅಳತೆಯ ದೋಷ’ ಎಂದು ಹೇಳಿ ಮುಂದೆ ಹೋಗುವುದು ನನ್ನ ಮೊದಲ ಯೋಚನೆ. ಮಂಗಳವಾರದ ಅನುಭವ ನೆನಪಾಗಿ ಬಾಯಿ ಕಟ್ಟಿಕೊಂಡು, “ಏಕಿರಬಹುದು?” ಎಂದು ಕೇಳಿದೆ. ಮತ್ತೊಮ್ಮೆ ಅಳೆದರು, ಅದೇ ಉತ್ತರ. ಆಗ ಒಬ್ಬ ಹುಡುಗಿ ಟೈರಿನ ಹತ್ತಿರ ಕುಕ್ಕರುಗಾಲಲ್ಲಿ ಕುಳಿತು, “ಕೆಳಗಡೆ ಚಪ್ಪಟೆಯಾಗೈತೆ ಸಾರ್, ಇದು ಪೂರ್ತಿ ವೃತ್ತ ಅಲ್ಲ” ಎಂದಳು. ಇನ್ನೊಬ್ಬ ಟೈರಿನ ಪಟ್ಟೆಗಳು ಸವೆದಿರುವುದನ್ನು ತೋರಿಸಿದ. ಎರಡೂ ನಿಜವಾದ ಕಾರಣಗಳು. ಗಾಡಿಯ ತೂಕಕ್ಕೆ ಟೈರು ನೆಲದ ಬಳಿ ಅದುಮಿಕೊಳ್ಳುತ್ತದೆ. ಸವೆತದಿಂದಲೂ ವ್ಯಾಸ ಕುಗ್ಗುತ್ತದೆ: ಸುತ್ತಲೂ 6 ಮಿ.ಮೀ. ಸವೆದರೆ ವ್ಯಾಸದಲ್ಲಿ 12 ಮಿ.ಮೀ. ಕಡಿಮೆ, ಪರಿಧಿಯಲ್ಲಿ ಸುಮಾರು 38 ಮಿ.ಮೀ. ಕಡಿಮೆ.

ಸೂತ್ರ ತಪ್ಪಲ್ಲ, ಸೂತ್ರವು ಪರಿಪೂರ್ಣ ವೃತ್ತಕ್ಕೆ, ಟೈರು ಸುಮಾರು ವೃತ್ತ. ಎರಡು ಹೊಸ ಟೈರುಗಳನ್ನು ಹೋಲಿಸುವಾಗ ಎರಡೂ ಹೆಚ್ಚುಕಡಿಮೆ ಇದೇ ರೀತಿ ಅದುಮಿಕೊಳ್ಳುವುದರಿಂದ ಅನುಪಾತ ಉಪಯೋಗಕ್ಕೆ ಬರುತ್ತದೆ. ಮಾದರಿಗೂ ವಾಸ್ತವಕ್ಕೂ ಇರುವ ಅಂತರವನ್ನು ನಾನು ಯೋಜನೆಯಲ್ಲಿ ಬರೆದಿರಲಿಲ್ಲ. ಮಕ್ಕಳೇ ಅದನ್ನು ಪಾಠದೊಳಗೆ ತಂದರು.

ಹೊರಡುವ ಮೊದಲು ಅಣ್ಣ ಎರಡು ಚೀಟಿ ಕೊಟ್ಟರು. ಒಂದು ವೇಬ್ರಿಡ್ಜ್ ಚೀಟಿ: ತುಂಬಿದ ಗಾಡಿಯ ಹಿಂದಿನ ಚಕ್ರಗಳನ್ನಷ್ಟೇ ತೂಕದ ಹಲಗೆಯ ಮೇಲೆ ನಿಲ್ಲಿಸಿದಾಗ 1,880 ಕೆ.ಜಿ. ಇನ್ನೊಂದು, ಅಂಗಡಿಯವರು ಬರೆದುಕೊಟ್ಟ ಟೈರಿನ ಅಳತೆಗಳು.

ಮೂರನೆಯ ಅವಧಿ: ಆಯ್ಕೆ

ಶುಕ್ರವಾರ ಆ ಚೀಟಿಯಲ್ಲಿದ್ದ ಎರಡು ಆಯ್ಕೆಗಳನ್ನು ಹಲಗೆಯ ಮೇಲೆ ಬರೆದೆ.

ಅ) 245/75 ಆರ್ 16, ಭಾರ ಸೂಚ್ಯಂಕ 109
ಆ) 235/60 ಆರ್ 17, ಭಾರ ಸೂಚ್ಯಂಕ 102. ಕಾರುಗಳಿಗೆ ಹಾಕುವ ರೋಡ್ ಟೈರು. ಅಣ್ಣನಿಗೆ ಮನಸ್ಸಿದ್ದದ್ದು ಇದರ ಮೇಲೆ.

ಅ ಗುಂಪುಗಳ ಲೆಕ್ಕ: ವ್ಯಾಸ 406.4 + 367.5 = 773.9 ಮಿ.ಮೀ. ಹಳೆಯದರ ಜೊತೆ ಅನುಪಾತ 1.10. ಅಂದರೆ ಪ್ರತಿ ಸುತ್ತಿಗೂ ಶೇ. 10 ಹೆಚ್ಚು ದೂರ. ಭಾರದ ಮಟ್ಟಿಗೆ 1030 × 2 = 2060 ಕೆ.ಜಿ.; 1,880ಕ್ಕೆ ಸಾಕು. ಆದರೆ ಈ ಶೇ. 10ರ ಪರಿಣಾಮಗಳನ್ನು ಒಂದೊಂದಾಗಿ ಪಟ್ಟಿ ಮಾಡಿದೆವು.

ಸ್ಪೀಡೋಮೀಟರ್ ಲೆಕ್ಕ ಹಾಕುವುದು ಸುತ್ತುಗಳನ್ನು. ಹಳೆಯ ಚಕ್ರಕ್ಕೆ ಹೋಲಿಸಿದರೆ, ಮುಳ್ಳು 60 ತೋರಿಸುವಾಗ ಗಾಡಿ 66ರಲ್ಲಿ ಓಡುತ್ತಿರುತ್ತದೆ. 80 ತೋರಿಸುವಾಗ 88ರಲ್ಲಿ. ಕಿಲೋಮೀಟರ್ ಮೀಟರು 100 ತೋರಿಸಿದಾಗ ನಿಜವಾಗಿ ಸಾಗಿದ್ದು 110. ಇಲ್ಲಿ ಒಬ್ಬಳು ಜಾಣ ಪ್ರಶ್ನೆ ಕೇಳಿದಳು: “ಹಂಗಾದ್ರೆ ಮೈಲೇಜೂ ಸುಳ್ಳು ತೋರ್ಸುತ್ತಾ?” ಹೌದು. ಲೀಟರಿಗೆ 12 ಕಿ.ಮೀ. ಕೊಡುತ್ತಿದ್ದ ಗಾಡಿ ಡೀಸೆಲ್ ಅಷ್ಟೇ ಕುಡಿದರೂ ಮೀಟರಿನ ಪ್ರಕಾರ 12 ÷ 1.1 = 10.9 ಎಂದು ಕಾಣುತ್ತದೆ. ದೊಡ್ಡ ಟೈರು ಹಾಕಿಸಿದ ಮೇಲೆ ಮೈಲೇಜು ಬಿದ್ದಿತು ಎನ್ನುವವರ ದೂರಿನಲ್ಲಿ ಒಂದು ಭಾಗ ಈ ಭಾಗಾಕಾರದ್ದು. ದೊಡ್ಡ ಚಕ್ರ ಹೆಚ್ಚು ತೂಕದ್ದಾದರೆ ನಿಜವಾದ ಖರ್ಚೂ ಸೇರುತ್ತದೆ.

ಎಳೆತದ ವಿಷಯದಲ್ಲಿ ನನ್ನ ಎತ್ತಿನ ಗಾಡಿಯ ಹೋಲಿಕೆ ಪೂರ್ತಿ ಬಿದ್ದುಹೋಯಿತು. ಎತ್ತಿನ ಗಾಡಿಯ ಚಕ್ರವನ್ನು ಎತ್ತು ಹೊರಗಿನಿಂದ ಎಳೆಯುತ್ತದೆ. ಪಿಕಪ್‌ನ ಹಿಂದಿನ ಚಕ್ರವನ್ನು ಇಂಜಿನ್ ನಡುವಿನ ಅಚ್ಚಿನಿಂದ ತಿರುಗಿಸುತ್ತದೆ. ಅಚ್ಚಿನ ತಿರುಚುಬಲ ಅಷ್ಟೇ ಇದ್ದು ತ್ರಿಜ್ಯ 1.1 ಪಟ್ಟಾದರೆ ನೆಲದ ಮೇಲಿನ ತಳ್ಳುವ ಬಲ 1/1.1, ಅಂದರೆ ಸುಮಾರು ಶೇ. 9 ಕಡಿಮೆ. ಲೋಡಿನಲ್ಲಿ ದಿಣ್ಣೆ ಹತ್ತುವಾಗ ಇದು ತಿಳಿಯುತ್ತದೆ. ಬ್ರೇಕಿಗೂ ಇದೇ ಲೆಕ್ಕ: ಪೆಡಲನ್ನು ಅಷ್ಟೇ ಒತ್ತಿದರೆ ನೆಲದಲ್ಲಿ ಸಿಗುವ ತಡೆ ಅಷ್ಟೇ ಪ್ರಮಾಣದಲ್ಲಿ ಕಡಿಮೆ. ಇನ್ನು ಜಾಗದ ಪ್ರಶ್ನೆ. ತ್ರಿಜ್ಯ 35 ಮಿ.ಮೀ., ಅಗಲ 30 ಮಿ.ಮೀ. ಹೆಚ್ಚು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ, ಲೋಡಿನಲ್ಲಿ ಪಟ್ಟಾ ಕುಗ್ಗಿದಾಗ ಟೈರು ಒಳಗೆ ಉಜ್ಜುವ ಸಾಧ್ಯತೆ ಇದೆ.

ಆ ಗುಂಪುಗಳ ಲೆಕ್ಕ: ವ್ಯಾಸ 431.8 + 282 = 713.8 ಮಿ.ಮೀ. ಅನುಪಾತ ಸುಮಾರು 1.015. ಡಿಸ್ಕು ಎರಡು ಅಂಗುಲ ದೊಡ್ಡದಾದರೂ ಗೋಡೆ 161ರಿಂದ 141 ಮಿ.ಮೀ.ಗೆ ಇಳಿದಿರುವುದರಿಂದ ಒಟ್ಟು ಚಕ್ರ ಹೆಚ್ಚುಕಡಿಮೆ ಮೊದಲಿನಷ್ಟೇ. ಮೀಟರು ಶೇ. 1.5 ಮಾತ್ರ ವ್ಯತ್ಯಾಸ ತೋರಿಸುತ್ತದೆ. ಇಡೀ ತರಗತಿ “ಇದೇ ಸರಿ ಸಾರ್” ಎಂದಿತು. ನಾನು ಕಲಿಸಿದ ಪರಿಧಿಯ ಪಾಠದ ಪ್ರಕಾರ ಅದೇ ಸರಿಯಾದ ಉತ್ತರ.

“ಭಾರದ ಸಾಲು ನೋಡಿದಿರಾ?” ಎಂದೆ. 102ಕ್ಕೆ 850. ಎರಡು ಟೈರಿಗೆ 1700. ಬೇಕಾದದ್ದು 1,880. ಕೊರತೆ 180 ಕೆ.ಜಿ. ಮಂಡಿಯ ಲೆಕ್ಕದಲ್ಲಿ 15 ಕೆ.ಜಿ.ಯ ಹನ್ನೆರಡು ಬಾಕ್ಸ್ ಟೊಮೆಟೊ.

ತರಗತಿ ಒಂದು ಕ್ಷಣ ಸುಮ್ಮನಾಯಿತು. ಹಿಂದಿನ ಬೆಂಚಿನ ಹುಡುಗ ಪುಸ್ತಕದಲ್ಲಿ ಮತ್ತೆ ಗುಣಿಸಿ ನೋಡಿದ. ಈಗಿನ ಟೈರಿಗೆ 950 × 2 = 1900; ಅದು ಇಪ್ಪತ್ತೇ ಕೆ.ಜಿ. ಅಂತರದಲ್ಲಿ ಸಾಕಾಗುತ್ತಿತ್ತು. ದೊಡ್ಡ ಡಿಸ್ಕಿನ, ಹೆಚ್ಚು ಅಗಲದ ಹೊಸ ಟೈರಿಗೆ ಅಷ್ಟೂ ಆಗದು. ಮಂಗಳವಾರ ನಾನು ಹೇಳಿದ್ದಕ್ಕೆ ನೇರ ವಿರುದ್ಧ.

ಅಳತೆ ಮೀರಿದ ಭಾರ ಹೊತ್ತ ಟೈರಿನ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಕಾದ ಟೈರು ಹೆದ್ದಾರಿಯಲ್ಲಿ ಸಿಡಿಯಬಹುದು ಎಂದು ವಿವರಿಸಿದೆ. ಗಾಳಿ ಕಡಿಮೆಯಿದ್ದರೂ ಆಗುವುದು ಇದೇ. ಗೋಡೆ ಗಿಡ್ಡವಾದಷ್ಟೂ ಗುಂಡಿಯ ಏಟು ಡಿಸ್ಕಿಗೆ ಬೇಗ ತಲುಪುತ್ತದೆ. ಟೈರಿನಂತೆ ಡಿಸ್ಕಿಗೂ ಹೊರುವ ಮಿತಿ ಇದೆ; ಅದರ ಬೋಲ್ಟಿನ ತೂತುಗಳೂ ಗಾಡಿಗೆ ಹೊಂದಬೇಕು.

ಮೌಲ್ಯಮಾಪನ

ಕೊನೆಯ ಹತ್ತು ನಿಮಿಷಕ್ಕೆ ಪ್ರತಿಯೊಬ್ಬರೂ ತಾವೇ ಬಿಡಿಸಬೇಕಾದ ಲೆಕ್ಕ ಕೊಟ್ಟೆ: 235/75 ಆರ್ 15, ಸೂಚ್ಯಂಕ 105. ಡಿಸ್ಕು ಹಳೆಯದೇ, ಟೈರು ಮಾತ್ರ ತುಸು ದೊಡ್ಡದು. ಹಾಕಬಹುದೇ?

ವ್ಯಾಸ 733.5 ಮಿ.ಮೀ., ಶೇ. 4.3 ಹೆಚ್ಚು. ಭಾರ 925 × 2 = 1850; 30 ಕೆ.ಜಿ. ಕೊರತೆ. 38 ಮಕ್ಕಳಲ್ಲಿ 29 ಜನ ವ್ಯಾಸವನ್ನು ಸರಿಯಾಗಿ ಕಂಡುಹಿಡಿದರು. ಭಾರವನ್ನೂ ಪರೀಕ್ಷಿಸಿ ‘ಬೇಡ’ ಎಂದು ಕಾರಣ ಬರೆದವರು 21. ಒಬ್ಬ, “ಎರಡು ಬಾಕ್ಸ್ ಇಳಿಸಿದ್ರೆ ಸಾಕು ಸಾರ್” ಎಂದು ಬರೆದಿದ್ದ. ಅಂಕ ಕೊಡುವುದೋ ಬೇಡವೋ ಎಂದು ಯೋಚಿಸಿದೆ. ಲೆಕ್ಕ ಸರಿ. ಆದರೆ ವೇಬ್ರಿಡ್ಜ್ ಚೀಟಿ ನಿಂತ ಗಾಡಿಯದು. ಓಡುವ ಗಾಡಿ ಗುಂಡಿಗೆ ಇಳಿದಾಗ, ಒಂದು ಬದಿಗೆ ವಾಲಿದಾಗ ಭಾರ ಎರಡೂ ಟೈರಿಗೆ ಸಮನಾಗಿ ಹಂಚಿಕೆಯಾಗದು. ಪೂರ್ಣ ಅಂಕ ಕೊಟ್ಟು, ಪಕ್ಕದಲ್ಲಿ “ಗಾಡಿ ವಾಲಿದರೆ?” ಎಂದು ಬರೆದೆ. ಇದೇ ಅಳತೆಯ ಟೈರು 109 ಸೂಚ್ಯಂಕದಲ್ಲೂ ಸಿಗುತ್ತದೆ ಎಂದು ಕೊನೆಗೆ ಹೇಳಿದಾಗ, ಅಳತೆ ಒಂದೇ ಆದರೂ ಹೊರುವ ಶಕ್ತಿ ಬೇರೆಯಾಗಬಹುದು ಎಂಬುದು ಉಳಿದವರಿಗೂ ಸ್ಪಷ್ಟವಾಯಿತು.

ಶನಿವಾರ ಬೆಳಿಗ್ಗೆ ಅಣ್ಣ ಶಾಲೆಯ ಗೇಟಿನ ಬಳಿ ಸಿಕ್ಕರು. ತಮ್ಮ ತಂದ ಲೆಕ್ಕದ ಹಾಳೆ ಅವರ ಜೇಬಿನಲ್ಲಿತ್ತು. “ನೋಡೋಕೆ ಚೆನ್ನಾಗಿರ್ತಿತ್ತು ಮೇಷ್ಟ್ರೇ” ಎಂದು ನಕ್ಕರು. ತಯಾರಕರು ಗೊತ್ತುಪಡಿಸಿದ ಅಳತೆ ಗಾಡಿಯ ಕೈಪಿಡಿಯಲ್ಲಿರುತ್ತದೆ, ಅದನ್ನು ನೋಡಿ ಎಂದೆ. ಗಾಡಿಯ ಮೂಲ ವಿವರಗಳಿಗೆ ಹೊಂದದ ಮಾರ್ಪಾಡುಗಳನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ನಿರ್ಬಂಧಿಸುತ್ತದೆ ಎಂಬುದನ್ನೂ ತಿಳಿಸಿದೆ. ಅವರು ಹಳೆಯ ಡಿಸ್ಕನ್ನೇ ಉಳಿಸಿಕೊಂಡು, ಅದೇ ಅಳತೆಯ, 106ಕ್ಕೆ ಕಡಿಮೆಯಿಲ್ಲದ ಸೂಚ್ಯಂಕದ ರೋಡ್ ಟೈರು ಹಾಕಿಸಲು ಒಪ್ಪಿದರು. ಅವರ ಗಾಡಿ ಓಡುವುದು ಹೆಚ್ಚಾಗಿ ಡಾಂಬರು ರಸ್ತೆಯಲ್ಲೇ. ಹಾಗಾಗಿ ರಸ್ತೆ ಪಟ್ಟೆಯ ಟೈರು ಬೇಕೆಂಬ ಅವರ ಆಸೆ ತಪ್ಪಾಗಿರಲಿಲ್ಲ.

ಅವಲೋಕನ

ಈ ಪಾಠವನ್ನು ಮತ್ತೆ ಮಾಡಿದರೆ ಮೂರು ಬದಲಾವಣೆ ಮಾಡುತ್ತೇನೆ. ಒಂದು, ಟೈರಿನ ಬರಹದ ಅರ್ಥವನ್ನು ನಾನೇ ಹೇಳುವ ಮೊದಲು ಮಕ್ಕಳಿಗೆ ಮನೆಯ ಹತ್ತಿರದ ಗಾಡಿಗಳಿಂದ ಅಳತೆಗಳನ್ನು ಬರೆದು ತರಲು ಹೇಳುತ್ತೇನೆ. ಎರಡು, ಗೋಡೆಯನ್ನು ಎರಡು ಸಲ ಕೂಡಬೇಕೆಂಬುದಕ್ಕೆ ಚಿತ್ರವನ್ನು ಮೊದಲೇ ಬರೆಸುತ್ತೇನೆ. ಮೂರು, ಪರಿಧಿಯ ಲೆಕ್ಕ ಸರಿಯಾದ ಕೂಡಲೇ ಆಯ್ಕೆಯೂ ಸರಿಯಾಯಿತು ಎಂದು ಮಕ್ಕಳು ತಿಳಿಯದಂತೆ, ಎರಡು ಷರತ್ತುಗಳನ್ನೂ ಆರಂಭದಲ್ಲೇ ಹಲಗೆಯ ಮೇಲೆ ಬರೆಯುತ್ತೇನೆ: ಸುತ್ತಳತೆ ಹೊಂದಬೇಕು, ಭಾರವೂ ಹೊಂದಬೇಕು. ನಮ್ಮ ಪಠ್ಯದ ಬಹುಪಾಲು ಲೆಕ್ಕಗಳಿಗೆ ಒಂದೇ ಷರತ್ತು. ಹೊರಗಿನ ಲೆಕ್ಕಗಳಿಗೆ ಹಾಗಿಲ್ಲ.

ವೀಕ್ಷಣಾ ಪತ್ರದ ಆ ಒಂದು ಸಾಲಿಗೆ ನಾನು ಉತ್ತರವಾಗಿ ಕೊಟ್ಟದ್ದು ಈ ಮೂರು ಅವಧಿಗಳ ಪಾಠಯೋಜನೆ. ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನದೊಂದು ವಿನಂತಿ. ಮಗುವಿನ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ ಹಲಗೆಯ ಒಂದು ಮೂಲೆಯಲ್ಲಿ ಆ ಪ್ರಶ್ನೆಯನ್ನು ಬರೆದಿಡಿ, ಅಳಿಸಬೇಡಿ. ಈಗ ನನ್ನ ತರಗತಿಯ ಹಲಗೆಯಲ್ಲಿ ಅಂಥದೊಂದು ಮೂಲೆ ಇದೆ. ಈ ವಾರ ಅಲ್ಲಿರುವ ಪ್ರಶ್ನೆ ಅದೇ ಹುಡುಗನದು: “ಮುಂದಿನ ಟೈರು, ಹಿಂದಿನ ಟೈರು ಒಂದೇ ಥರ ಯಾಕೆ ಸವೆಯಲ್ಲ ಸಾರ್?”